ಲೋಣಾರ್: ಕೆರೆ ಇರಲಿ, ಕಲ್ಲು ನೋಡಿ

2020ರ ಜೂನ್‌ನಲ್ಲಿ ಮಹಾರಾಷ್ಟ್ರದ ಲೋಣಾರ್ ಸರೋವರದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಟಿವಿ ಚಾನೆಲ್‌ಗಳೆಲ್ಲ ಅದರ ಹಿಂದೆ ಬಿದ್ದವು. ಅದೇ ವರ್ಷ ಸರೋವರ ರಾಮ್ಸಾರ್ ಪಟ್ಟಿಗೂ ಸೇರಿತು. ಒಳ್ಳೇದೇ. ಆದ್ರೆ ನನ್ನ ಪ್ರಕಾರ ಲೋಣಾರ್‌ನ ನಿಜವಾದ ಆಸ್ತಿ ನೀರಲ್ಲ, ಸುತ್ತ ಬಿದ್ದಿರೋ ಕಪ್ಪು ಕಲ್ಲುಗಳು.

ಯಾಕೆ ಅಂತೀರಾ? ದುಂಡಗಿನ ಗುಂಡಿ ಇದ್ದ ಮಾತ್ರಕ್ಕೆ ಅಲ್ಲಿ ಉಲ್ಕೆ ಬಿದ್ದಿದೆ ಅನ್ನೋಕಾಗಲ್ಲ. ಜ್ವಾಲಾಮುಖಿಯೂ ಅಂಥದ್ದನ್ನ ಮಾಡುತ್ತೆ. ಸುಮಾರು 1.8 ಕಿ.ಮೀ. ಅಗಲದ ಈ ಗುಂಡಿ ಕೂಡ ಜ್ವಾಲಾಮುಖಿಯದ್ದೇ ಅನ್ನೋ ವಾದ ಬಹಳ ಕಾಲ ಇತ್ತು. 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ಇದು ಉಲ್ಕೆಯದ್ದೇ ಅಂತ ತೋರಿಸಿತು. ಸಾಕ್ಷಿ ಹೇಳಿದ್ದು ಕಲ್ಲೊಳಗಿನ ಖನಿಜಗಳು!

ಇಲ್ಲಿರೋದು ಬಸಾಲ್ಟ್, ನಮ್ಮ ಬೆಳಗಾವಿ, ವಿಜಯಪುರದ ಕಡೆ ಸಿಗೋ ಅದೇ ದಖ್ಖನ್ ಕಲ್ಲು. ಅದರಲ್ಲಿ ಫೆಲ್ಡ್‌ಸ್ಪಾರ್ ಅನ್ನೋ ಖನಿಜದ ಹರಳುಗಳಿರುತ್ತವೆ. ಹರಳಿನೊಳಗೆ ಪರಮಾಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಉಲ್ಕೆ ಬಡಿದಾಗ ವಾತಾವರಣದ ಒತ್ತಡದ ಲಕ್ಷಗಟ್ಟಲೆ ಪಟ್ಟು ಒತ್ತಡದ ಅಲೆ ಕ್ಷಣಾರ್ಧದಲ್ಲಿ ಹಾದುಹೋಗಿ ಆ ಸಾಲು ಚೆಲ್ಲಾಪಿಲ್ಲಿ. ಹೊರಗೆ ಹರಳಿನ ಆಕಾರ ಹಾಗೇ ಇರುತ್ತೆ, ಒಳಗೆ ಮಾತ್ರ ಗಾಜು! ಇದರ ಹೆಸರು ಮಾಸ್ಕೆಲಿನೈಟ್. ಮೊದಲು ಗುರುತಿಸಿದ್ದು 1865ರಲ್ಲಿ ಬಿಹಾರದ ಶೇರ್ಘಾಟಿಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ. ಆ ಕಲ್ಲು ಮಂಗಳ ಗ್ರಹದಿಂದ ಬಂದದ್ದು ಅಂತ ಆಮೇಲೆ ಗೊತ್ತಾಯ್ತು. ಜ್ವಾಲಾಮುಖಿಗೆ ಬಿಸಿ ಇದೆ ನಿಜ, ಆದ್ರೆ ಇಂಥ ಹೊಡೆತ ಕೊಡೋ ತಾಕತ್ತಿಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ಇದು ಕ್ರ್ಯಾಶ್ ಆದಮೇಲೆ ಉಳಿದ ಲಾಗ್ ಫೈಲ್. ಸಿಸ್ಟಮ್ ಹೇಗೆ ಬಿತ್ತು ಅಂತ ತಿಳಿಯೋಕೆ ಅದೊಂದೇ ದಾರಿ. ಅದನ್ನೇ ಅಳಿಸಿದ್ರೆ?

"ನೆನಪಿಗೆ ಒಂದು ಕಲ್ಲು ತಂದ್ರೆ ಏನು ಗಂಟು ಹೋಗುತ್ತೆ?" ಅಂತ ಕೇಳೋರಿದ್ದಾರೆ. ಹೋಗುತ್ತೆ ಸ್ವಾಮಿ. ಯಾವ ಕಲ್ಲು ಎಲ್ಲಿ, ಎಷ್ಟು ದೂರ ಚಿಮ್ಮಿ ಬಿದ್ದಿದೆ ಅನ್ನೋದೂ ಸಾಕ್ಷಿಯೇ. ಜೇಬಿಗೆ ಸೇರಿದ ಕಲ್ಲು ಬರೀ ಕಲ್ಲು. ಬಸಾಲ್ಟ್ ಮೇಲಾದ ಇಂಥ ಗುಂಡಿಗಳು ಭೂಮಿಯಲ್ಲಿ ಬೆರಳೆಣಿಕೆಯಷ್ಟೇ ಇವೆ. ಚಂದ್ರ, ಮಂಗಳದ ಗುಂಡಿಗಳನ್ನ ಅರ್ಥ ಮಾಡ್ಕೊಳ್ಳೋಕೆ ಇವೇ ಮಾದರಿ.

ಹಾಗಾಗಿ ಕೆರೆಗೆ ಕೊಟ್ಟಷ್ಟೇ ರಕ್ಷಣೆ ಅದರ ದಂಡೆಯ ಕಲ್ಲುಗಳಿಗೂ ಬೇಕು. ಲೋಣಾರ್‌ಗೆ ಹೋದ್ರೆ ಫೋಟೋ ಎಷ್ಟು ಬೇಕಾದ್ರೂ ತಗೊಳ್ಳಿ, ಕಲ್ಲು ಮಾತ್ರ ಅಲ್ಲೇ ಬಿಟ್ಟು ಬನ್ನಿ. ಏನಂತೀರಿ?