ಚೀಟಿ ಹೋದರೆ ಸಾಲದು, ಮರಳಿ ಬರಬೇಕು



ಸಂಡೂರಿನ ಓದುಗರೊಬ್ಬರು ಕೇಳಿದ್ದಾರೆ: "ನಮ್ಮೂರ ಡಾಕ್ಟ್ರು ದೊಡ್ಡಾಸ್ಪತ್ರೆಗೆ ಚೀಟಿ ಬರೆದ್ರೆ ಅವರಿಗೆ ಕಮಿಷನ್ ಬರ್ತೈತಂತೆ. ಯಾರನ್ನ ನಂಬೋದು?" ಪ್ರಶ್ನೆ ಖಾರವಾಗಿದೆ, ಆದರೆ ಕೇಳಬೇಕಾದದ್ದೇ.

ಮೊದಲು ನಮ್ಮ ಮನೆ ಸಂಗತಿ ಕೇಳಿ. ಹೋದ ಶ್ರಾವಣದಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಗಾಬರಿಯಲ್ಲಿ ಯಾರಿಗೂ ಹೇಳದೆ ಹೊಸಪೇಟೆಯಿಂದ ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಓಡಿದೆವು. "ದಿನಾ ಯಾವ ಗುಳಿಗೆ ತಗೋತಾರೆ?" ಅಂತ ಅಲ್ಲಿ ಕೇಳಿದರು. ನನಗೆ ಗೊತ್ತಿದ್ದದ್ದು ಬಿಳಿಯದೊಂದು, ಕೆಂಪಂದೊಂದು, ಅಷ್ಟೆ! ಕೊನೆಗೆ ನಮ್ಮ ಓಣಿಯ ಡಾಕ್ಟರಿಗೇ ಫೋನ್ ಮಾಡಿದೆವು. "ಹೊರಡೋ ಮುಂಚೆ ಒಂದು ಮಾತು ಹೇಳಬಾರದೇನಮ್ಮಾ?" ಎಂದು ಗದರಿಸಿ, ಅಲ್ಲಿಯ ಡಾಕ್ಟರ ಹತ್ತಿರ ತಾವೇ ಮಾತಾಡಿದರು. ಅತ್ತೆಯವರು ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದರೆಂದು ಆಗಲೇ ತಿಳಿದದ್ದು. ಅದು ತಿಳಿಯದೆ ಆಪರೇಷನ್ ಮಾಡಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸಣ್ಣ ಡಾಕ್ಟರಿಗೂ ದೊಡ್ಡಾಸ್ಪತ್ರೆಗೂ ಇರಬೇಕಾದದ್ದು ಬೀಗರ ನಂಟು. ಮಗಳನ್ನು ಕಳಿಸಿ ಸುಮ್ಮನಾಗುವುದಲ್ಲ, ಹೋಗಿ ಬಂದು ವಿಚಾರಿಸುವುದು. ಆ ನಂಟಿಗೂ ಮಾತುಕತೆ ಮೊದಲೇ ಆಗಿರಬೇಕು. 2003ರಲ್ಲಿ ಡಾ. ದೇವಿ ಶೆಟ್ಟಿಯವರ ಸಲಹೆಯಿಂದ ಸಹಕಾರ ಇಲಾಖೆ ಯಶಸ್ವಿನಿ ಯೋಜನೆ ಶುರುಮಾಡಿದಾಗ ಆದದ್ದು ಇದೇ. ರೈತರು ಆರಂಭದಲ್ಲಿ ಕಟ್ಟಿದ್ದು ವರ್ಷಕ್ಕೆ 60 ರೂಪಾಯಿ. ಯಾವ ಆಪರೇಷನ್ನಿಗೆ ಎಷ್ಟು ಎಂದು ಖಾಸಗಿ ಆಸ್ಪತ್ರೆಗಳೊಡನೆ ಮುಂಚೆಯೇ ಒಪ್ಪಂದವಾಗಿತ್ತು. 2018ರಲ್ಲಿ ನಿಂತಿದ್ದ ಆ ಯೋಜನೆ ಮತ್ತೆ ಶುರುವಾಗಿದೆ.

2018ರಲ್ಲೇ ಬಂದ ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತದೊಡನೆ ಸೇರಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಯೋಜನೆ. ಇದರಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಅವರ ಚೀಟಿ ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆ. ಜೀವಕ್ಕೆ ಅಪಾಯದ ತುರ್ತಿನಲ್ಲಿ ಮಾತ್ರ ಚೀಟಿಗೆ ಕಾಯಬೇಕಿಲ್ಲ. ನೆನಪಿಡಿ, ಇದು ಯೋಜನೆಯ ಚೀಟಿ. ನಿಮ್ಮ ಡಾಕ್ಟರು ರೋಗದ ಪೂರ್ವಾಪರ ಬರೆಯುವ ಚೀಟಿ ಬೇರೆ. ಎರಡೂ ಬೇಕು.

ಇನ್ನು ಕಮಿಷನ್ ಮಾತು. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ದುಡ್ಡು ತೆಗೆದುಕೊಳ್ಳಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳೇ ಹೇಳುತ್ತವೆ. ನಿಯಮವಿದ್ದರೂ ತಪ್ಪುವವರು ಇರಬಹುದು. ನಾನು ಕಂಡುಕೊಂಡ ಒರೆಗಲ್ಲು ಒಂದೇ: ನೀವು ವಾಪಸಾದ ಮೇಲೆ ನಿಮ್ಮ ಡಾಕ್ಟರು "ಅಲ್ಲೇನಂದ್ರು? ಕಾಗದ ತೋರಿಸಿ" ಎನ್ನುತ್ತಾರೆಯೇ? ಕಳಿಸಿ ಕೈತೊಳೆದುಕೊಂಡರೆ ಅನುಮಾನ ಪಡಿ. ಯಾಕೆ ಅಲ್ಲಿಗೇ, ಬೇರೆ ಕಡೆ ಆಗೋದಿಲ್ವೇ ಎಂದು ಕೇಳಲು ನಾಚಬೇಡಿ.

ಕಂಪ್ಲಿಯಾಗಲಿ ಕಮಲಾಪುರವಾಗಲಿ, ಮನೆಯಲ್ಲಿ ಒಂದು ಫೈಲು ಇಡಿ. ಗುಳಿಗೆಗಳ ಹೆಸರು, ಹಳೇ ಆಪರೇಷನ್ನು, ಯಾವ ಔಷಧ ಒಗ್ಗದು, ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಕಾಗದ ಕೇಳಿ ಪಡೆದು, ಮರುದಿನವೇ ನಿಮ್ಮ ಡಾಕ್ಟರಿಗೆ ತೋರಿಸಿ.

ಅತ್ತೆಯವರು ಈಗ ಕೋಲು ಹಿಡಿದು ತುಳಸಿಕಟ್ಟೆಯವರೆಗೆ ನಡೆಯುತ್ತಾರೆ. ಅವರ ಗುಳಿಗೆ ಹಾಳೆ ನಮ್ಮ ಅಡುಗೆಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲೇ ಇದೆ. ನಿಮ್ಮ ಮನೆಯಲ್ಲಿ?