ಕಡಲತಡಿಯ ಬಾಡಿಗೆ ಮನೆ

ಮೆಡಿಟರೇನಿಯನ್ ಕಡಲತಡಿಯ ಬಾರ್ಸಿಲೋನಾ ನಗರದಲ್ಲಿ ಪ್ರವಾಸಿಗರಿಗೆ ಅಲ್ಪಾವಧಿ ಬಾಡಿಗೆಗೆ ಕೊಡುವ ಮನೆಗಳ 10,101 ಪರವಾನಿಗೆಗಳನ್ನು 2028ರ ನವೆಂಬರ್ ವೇಳೆಗೆ ಕೊನೆಗಾಣಿಸುವುದಾಗಿ ಅಲ್ಲಿಯ ಮೇಯರ್ ಜೌಮೆ ಕೊಲ್ಬೋನಿಯವರು 2024ರ ಜೂನ್‌ನಲ್ಲಿ ಸಾರಿದರು. ಹತ್ತು ವರ್ಷಗಳಲ್ಲಿ ನಗರದ ಮನೆಬಾಡಿಗೆಯು ಶೇಕಡ 68ರಷ್ಟು ಏರಿತೆಂಬುದು ಅವರು ಕೊಟ್ಟ ಕಾರಣ. ಇದು ಆಸ್ತಿಯ ಅಪಹರಣವೆಂದು ಒಡೆಯರು ದೂರಿದರು. ಆದರೆ ಈ ಕ್ರಮಕ್ಕೆ ಆಧಾರವಾದ ಕ್ಯಾಟಲೋನಿಯಾ ಪ್ರಾಂತದ ಶಾಸನವನ್ನು ಸ್ಪೇನಿನ ಸಂವಿಧಾನ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಪ್ರವಾಸಿಗರ ಹಣದಿಂದ ಅಲ್ಲಿ ಸಾವಿರಾರು ಕುಟುಂಬಗಳು ಜೀವಿಸುತ್ತಿರುವುದು ದಿಟ. ಆದರೆ ಅತಿಥಿಗೆ ಹಾಸಿಗೆ ಹಾಸುವವನಿಗೂ ಊಟ ಬಡಿಸುವವನಿಗೂ ಅದೇ ಊರಿನಲ್ಲಿ ತಲೆಯಿಡಲು ಠಾವಿಲ್ಲದೆ ಹೋದರೆ, ಆ ಸಂಪತ್ತಿನಿಂದ ಊರಿಗೆ ಬಂದ ಭಾಗ್ಯವಾದರೂ ಏನು? ಹೊಸ ಮನೆಗಳನ್ನು ಕಟ್ಟದೆ ಕೇವಲ ನಿಷೇಧದಿಂದಲೇ ಕಷ್ಟವು ತೀರಲಾರದು. ಆದರೂ ನಿವಾಸಿಗಳಿಗೇ ಮೊದಲ ಸ್ಥಾನವೆಂಬ ತತ್ತ್ವವು ನ್ಯಾಯಸಮ್ಮತವೇ ಸರಿ.

ನಮ್ಮವರೂ ಈಗ ಆ ತೀರಗಳಿಗೆ ವಿಹಾರಾರ್ಥವಾಗಿ ಹೋಗುತ್ತಿದ್ದಾರೆ. ಆತಿಥ್ಯದ ಧರ್ಮವು ಆತಿಥೇಯನಿಗಿರುವಂತೆ ಅತಿಥಿಗೂ ಉಂಟು. ಷೆಂಗೆನ್ ವೀಸಾಕ್ಕೆ ತಂಗುವ ಸ್ಥಳದ ದಾಖಲೆಯನ್ನು ಹೇಗೂ ಒದಗಿಸಬೇಕಷ್ಟೆ. ಮನೆಯನ್ನು ಗೊತ್ತುಮಾಡುವಾಗ ಬೆಲೆಯನ್ನೂ ಕಡಲಿನ ಸಾಮೀಪ್ಯವನ್ನೂ ವಿಚಾರಿಸುವಂತೆ ಪರವಾನಿಗೆಯ ಸಂಖ್ಯೆಯನ್ನೂ ತಪ್ಪದೆ ಕೇಳತಕ್ಕದ್ದು. ಪರವಾನಿಗೆಯಿಲ್ಲದ ಮನೆ ಅಗ್ಗವೆಂದು ತೋರಿದರೂ, ಉಳಿದ ಬೆಲೆಯನ್ನು ನೆರೆಮನೆಯ ಬಡವನು ತೆರಬೇಕಾಗುತ್ತದೆ.