ಹೆಬ್ಬೆರಳಿನ ಗಂಟು ಮತ್ತು ನಾವು ಪಾಸ್ ಮಾಡಿದ ಶೂ ಬಿಲ್

ಈ ಸಲ ಲೆಕ್ಕ ಸ್ವಲ್ಪ ಕಡಿಮೆ, ಕಾಲಿನ ವಿಷಯ ಜಾಸ್ತಿ.

ಹೋದ ತಿಂಗಳು ಖಲೀಫಾ ಸಿಟಿಯ ನಮ್ಮ ಆಫೀಸಿಗೆ ಹಾವೇರಿ ಕಡೆಯ ಹುಡುಗನೊಬ್ಬ ಓವರ್‌ಟೈಮ್ ಲೆಕ್ಕ ಕೇಳಲು ಬಂದ. ಕುಂಟುತ್ತಿದ್ದ. ಕ್ಲಿನಿಕ್‌ಗೆ ಹೋಗಿದ್ಯೇನಪ್ಪಾ ಅಂದೆವು. "ಹೋಗಿದ್ದೆರೀ ಸರ್. ಕಾಲು ತೋರಿಸಿದ್ರ ಡಾಕ್ಟ್ರು ಬನಿಯನ್ ಅಂತಾರ. ಕಾಲಿಗೂ ಬನಿಯನ್ನಿಗೂ ಏನ್ ಸಂಬಂಧರೀ?" ನಾವು ನಕ್ಕೆವು. ಅವನು ಶೂ ಬಿಚ್ಚಿದ ಮೇಲೆ ನಗು ನಿಂತಿತು. ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿತ್ತು, ಬುಡದ ಗಂಟು ಕೆಂಪಗೆ ಊದಿತ್ತು. ಓವರ್‌ಟೈಮ್ ತಪ್ಪುತ್ತೆ ಅಂತ ಎಷ್ಟೋ ದಿನ ಯಾರಿಗೂ ಹೇಳಿರಲಿಲ್ಲ.

ಆ ಶೂ ಬಿಲ್ ಪಾಸ್ ಮಾಡಿದ್ದು ನಾವೇ. ಮೂರು ಕೊಟೇಶನ್‌ನಲ್ಲಿ ಕಡಿಮೆಯದಕ್ಕೆ ಸಹಿ ಹಾಕಿದ್ದೆವು. ಪಟ್ಟಿಯಲ್ಲಿ ಸೈಜ್ ಇತ್ತು, ಅಗಲ ಇರಲಿಲ್ಲ.

ಈ ಬನಿಯನ್ ಅನ್ನೋದು ಆಣಿ ಅಲ್ಲ. ಆಣಿ ಅಂದ್ರೆ ಚರ್ಮ ಗಟ್ಟಿಯಾಗೋದು. ಇಲ್ಲಿ ಹೆಬ್ಬೆರಳ ಬುಡದ ಮೂಳೆಯೇ ಹೊರಗೆ ಸರಿದು, ಬೆರಳು ಒಳಕ್ಕೆ ವಾಲುತ್ತದೆ. ಆದ್ದರಿಂದ ಬ್ಲೇಡು, ಆಣಿಪಟ್ಟಿ ಹಾಕಬೇಡಿ, ಸಕ್ಕರೆ ಕಾಯಿಲೆ ಇದ್ದರಂತೂ ಬೇಡವೇ ಬೇಡ. ಎಷ್ಟೋ ಜನಕ್ಕೆ ಇದು ಮನೆತನದಿಂದಲೇ ಬರುತ್ತದೆ, ಮುಂಭಾಗ ಕಿರಿದಾದ ಶೂ ಅದನ್ನು ಕೆಣಕುತ್ತದೆ. ಸ್ಟೀಲ್ ಟೋ ಇರುವ ಸೇಫ್ಟಿ ಶೂನಲ್ಲಿ ಇನ್ನೊಂದು ತೊಂದರೆ. ಚರ್ಮ ಹಾಕಿಕೊಂಡಂತೆ ಸಡಿಲ ಆದೀತು, ಸ್ಟೀಲ್ ಒಂದು ಕೂದಲೆಳೆಯಷ್ಟೂ ಹಿಗ್ಗಲ್ಲ.

ಹಾಗಾಗಿ ನೋವಿಗೆ ಮೊದಲ ಔಷಧಿ ಜಾಗ. ಸಂಜೆ ಕೆಲಸ ಮುಗಿದ ಮೇಲೆ, ಕಾಲು ಊದಿರುವಾಗ, ಕಾಗದದ ಮೇಲೆ ನಿಂತು ಪೆನ್ಸಿಲ್‌ನಿಂದ ಪಾದದ ಸುತ್ತ ಗೆರೆ ಎಳೆಯಿರಿ. ಅದರ ಮೇಲೆ ಶೂ ಇಡಿ. ಗೆರೆ ಶೂನಿಂದ ಆಚೆ ಕಂಡರೆ ಆ ಶೂ ನಿಮ್ಮದಲ್ಲ. ಒಂದು ಸೈಜ್ ದೊಡ್ಡದು ತಗೊಂಡ್ರೆ ಉದ್ದ ಜಾಸ್ತಿಯಾಗಿ ಹಿಮ್ಮಡಿ ಜಾರುತ್ತದೆ, ಅದೇ ಸೈಜಿನಲ್ಲಿ 'ವೈಡ್' ಕೇಳಿ. ಸೇಫ್ಟಿ ಶೂ ಕೊಡೋದು ಕಂಪನಿಯ ಹೊಣೆ, ಕೇಳೋದಕ್ಕೆ ನಾಚಿಕೆ ಬೇಡ. ಕತ್ತರಿಸಿ ತೂತು ಮಾತ್ರ ಮಾಡಬೇಡಿ, ಸೈಟ್‌ನಲ್ಲಿ ಅಪಾಯ.

ಫಾರ್ಮಸಿಯ ಜೆಲ್ ಪ್ಯಾಡ್ ಉಜ್ಜುವಿಕೆ ತಪ್ಪಿಸುತ್ತದೆ, ಆದರೆ ಇಕ್ಕಟ್ಟಾದ ಶೂ ಒಳಗೆ ಅದೂ ಒಂದು ಭಾರ. ದಪ್ಪ ಸಾಕ್ಸ್ ಕಥೆಯೂ ಅಷ್ಟೇ. ರಾತ್ರಿ ಐಸನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಟ್ಟರೆ ಊತ ಇಳಿದು ಹಾಯೆನಿಸುತ್ತದೆ. ಬೆರಳು ನೇರ ಮಾಡುತ್ತೇವೆ ಅಂತ ಪಟ್ಟಿ ಮಾರುತ್ತಾರೆ. ಅದು ಬೆರಳಿಗೆ ಆರಾಮ ಕೊಟ್ಟೀತು, ಮೂಳೆಯನ್ನು ತಿರುಗಿ ಕೂರಿಸಲ್ಲ. ದುಡ್ಡಿದ್ದರೆ ಮೊದಲು ಶೂಗೆ ಹಾಕಿ.

ಬಿಸಿಲಲ್ಲಿ ಬೆವರು ಸುರಿಸುವವರು ಐಬುಪ್ರೊಫೆನ್‌ನಂಥ ಮಾತ್ರೆ ದಿನಾ ನುಂಗಬೇಡಿ, ಕಿಡ್ನಿಗೆ ಒಳ್ಳೆಯದಲ್ಲ. ಊರಿಂದ ಬರುವಾಗ ಕೋಡೀನ್, ಟ್ರಮಾಡಾಲ್ ಇರುವ ಮಾತ್ರೆ ಬ್ಯಾಗಿನಲ್ಲಿ ತರಲೇಬೇಡಿ. ಮೊದಲೇ ಅನುಮತಿ ಪಡೆಯದೆ ತಂದರೆ ಇಲ್ಲಿ ಕೇಸ್ ಆಗುತ್ತದೆ. ಮತ್ತೆ, ಗಂಟು ಒಂದೇ ರಾತ್ರಿಯಲ್ಲಿ ಕೆಂಡದ ಹಾಗೆ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋದಂತಾದರೆ ಅದು ಗೌಟ್ ಇರಬಹುದು. ತಡಮಾಡದೆ ಡಾಕ್ಟರ್‌ಗೆ ತೋರಿಸಿ.

ಕೊನೆಗೆ ಆಪರೇಷನ್. ವಾಲಿದ ಮೂಳೆಯನ್ನು ಸರಿಯಾಗಿ ಕೂರಿಸುವ ದಾರಿ ಅದೊಂದೇ, ಆದರೆ ಅವಸರ ಬೇಡ. ಮೂಳೆ ಕೂಡಲು ಸುಮಾರು 6 ವಾರ, ನಿಂತು ಮಾಡೋ ಕೆಲಸಕ್ಕೆ ಮರಳಲು ಇನ್ನೂ ಹೆಚ್ಚು. ಇಲ್ಲಿ ನಮ್ಮ ಕಸುಬಿನ ಲೆಕ್ಕ ಬೇಕು. 2021ರ ಕಾರ್ಮಿಕ ಕಾನೂನಿನಂತೆ, ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಸಿಕ್ ಲೀವ್: ಮೊದಲ 15ಕ್ಕೆ ಪೂರ್ತಿ ಸಂಬಳ, ಮುಂದಿನ 30ಕ್ಕೆ ಅರ್ಧ, ಉಳಿದದ್ದಕ್ಕೆ ಇಲ್ಲ. 42 ದಿನ ಮಲಗಿದರೆ ಕೈಗೆ ಬರೋದು ಇಪ್ಪತ್ತೆಂಟೂವರೆ ದಿನದ ಸಂಬಳ, ಓವರ್‌ಟೈಮ್ ಸೊನ್ನೆ. ಊರಿಗೆ ಕಳಿಸುವ ಕಂತು ನೋಡಿಕೊಂಡು, ಇನ್ಶೂರೆನ್ಸ್ ಒಪ್ಪಿಗೆ ಬರೆಸಿಕೊಂಡು ಮುಂದುವರಿಯಿರಿ.

ಆ ಹುಡುಗನಿಗೆ ಅಗಲದ ಶೂ ಬಂತು. ಗಂಟು ಹೋಗಿಲ್ಲ, ಕುಂಟೋದು ಕಡಿಮೆಯಾಗಿದೆ. ಈ ಸಲದ ಆರ್ಡರ್ ಪಟ್ಟಿಯಲ್ಲಿ ಸೈಜ್ ಪಕ್ಕ ಅಗಲದ ಕಾಲಂ ಸೇರಿಸಿದೆವು. ಇಷ್ಟು ದಿನ ಬಾಯಿ ಬಿಡದ ಹನ್ನೊಂದು ಜನ ಅದರಲ್ಲಿ 'ವೈಡ್' ಅಂತ ಬರೆಸಿದ್ದಾರೆ.